ಹೇಗ್ ನ್ಯಾಯಾಲಯದ ಅಮೀನರು ಯಾರು?

ಸರ್ಕಾರಿ ಕಚೇರಿಯ ಕುರ್ಚಿಗಳನ್ನು ನ್ಯಾಯಾಲಯದ ಅಮೀನರು ಹೊತ್ತು ಹೊರಗೆ ಹಾಕುವ ದೃಶ್ಯ ನಮ್ಮ ಕೊಪ್ಪಳ, ರಾಯಚೂರು ಕಡೆಯವರಿಗೆ ಹೊಸದಲ್ಲ. ಕಾಲುವೆಗೋ ರಸ್ತೆಗೋ ಜಮೀನು ಹೋದ ರೈತನಿಗೆ ಇಷ್ಟು ಹೆಚ್ಚುವರಿ ಪರಿಹಾರ ಕೊಡಿ ಎಂದು ನ್ಯಾಯಾಲಯ ಹೇಳಿರುತ್ತದೆ. ಕಚೇರಿ ಮಾತ್ರ ಅನುದಾನ ಬಂದಿಲ್ಲ ಎನ್ನುತ್ತಾ ಕಡತವನ್ನು ಈ ಮೇಜಿನಿಂದ ಆ ಮೇಜಿಗೆ ಸಾಗಿಸುತ್ತಿರುತ್ತದೆ. ಸರ್ಕಾರದ ವಿರುದ್ಧದ ಡಿಕ್ರಿಯಾದರೆ ಮೂರು ತಿಂಗಳು ಕಾಯಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 82ನೇ ಕಲಂ ಹೇಳುತ್ತದೆ. ಆ ಮೂರು ತಿಂಗಳು ಮೂರು ವರ್ಷವಾದ ಮೇಲೆ ರೈತ, ತೀರ್ಪನ್ನು ಜಾರಿ ಮಾಡಿಸಿಕೊಡಿ ಎಂದು ಅಮಲ್ಜಾರಿ ಅರ್ಜಿ ಹಾಕುತ್ತಾನೆ. ಒಂದು ದಿನ ಅಮೀನರು ಜಪ್ತಿ ವಾರಂಟ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ.

ನನ್ನ ಕಕ್ಷಿದಾರರೊಬ್ಬರ ಪ್ರಕರಣದಲ್ಲಿ ಹೀಗೆ ಜಪ್ತಿಯಾದದ್ದು ಹದಿನಾಲ್ಕು ಕುರ್ಚಿ, ಮೂರು ಕಂಪ್ಯೂಟರ್, ಒಂದು ಪ್ರಿಂಟರ್. ಕಬ್ಬಿಣದ ಬೀರು ಬಾಗಿಲಲ್ಲಿ ಹಿಡಿಸದೆ ಒಳಗೇ ಉಳಿಯಿತು. ಸಾಹೇಬರ ತಿರುಗುವ ಕುರ್ಚಿಯನ್ನು ಎತ್ತುವ ಮುನ್ನ ಜವಾನ ಅದರ ಬೆನ್ನಿಗೆ ಹೊದಿಸಿದ್ದ ಬಿಳಿ ಟವೆಲನ್ನು ತೆಗೆದು, ಮಡಿಸಿ, ಕಂಕುಳಲ್ಲಿ ಇಟ್ಟುಕೊಂಡ. ಟವೆಲು ವಾರಂಟಿನ ಪಟ್ಟಿಯಲ್ಲಿ ಇರಲಿಲ್ಲ. ಎಪ್ಪತ್ತೆಂಟು ದಾಟಿದ ನನ್ನ ಕಕ್ಷಿದಾರರು, ಊರಿನಲ್ಲಿ ಎಲ್ಲರೂ ಗೌಡರು ಎಂದು ಕರೆಯುವವರು, ಬೇವಿನ ಮರದ ಕೆಳಗೆ ನಿಂತು ಕುರ್ಚಿಗಳು ಗಾಡಿ ಏರುವುದನ್ನು ಮದುವೆಯ ದಿಬ್ಬಣ ನೋಡಿದಂತೆ ನೋಡಿದರು.

ಸಂಜೆ ಚಹಾದಂಗಡಿಯಲ್ಲಿ ಕೇಳಿದರು: “ವಕೀಲರೇ, ಟಿವಿಯಲ್ಲಿ ಹೇಗ್ ನ್ಯಾಯಾಲಯ, ಹೇಗ್ ನ್ಯಾಯಾಲಯ ಎನ್ನುತ್ತಾರಲ್ಲ, ಯುದ್ಧ ನಿಲ್ಲಿಸಿ ಎಂದು ಆದೇಶ ಮಾಡಿತಂತೆ. ಅದಕ್ಕೆ ಅಮೀನರು ಯಾರು?”

“ಯಾರೂ ಇಲ್ಲ ಗೌಡರೇ.”

“ಮತ್ತೆ ಅಲ್ಲಿಗೆ ಯಾಕೆ ಹೋಗುತ್ತಾರೆ?”

ಅವರ ಬಸ್ಸಿನ ಹೊತ್ತಾಗಿತ್ತು. ಉತ್ತರ ಅರ್ಧಕ್ಕೇ ನಿಂತಿತು. ಮೂವತ್ತು ವರ್ಷ ಅಮಲ್ಜಾರಿ ಅರ್ಜಿಗಳ ಹಿಂದೆ ಓಡಾಡಿದ ನನಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ಎರಡು ಬೇರೆ ಬೇರೆ ನ್ಯಾಯಾಲಯಗಳಿವೆ. ನಮ್ಮ ಟಿವಿ ವಾಹಿನಿಗಳು ಎರಡನ್ನೂ ಒಂದೇ ಹೆಸರಿನಿಂದ ಕರೆದು ಕಲಸಿಬಿಟ್ಟಿವೆ. ಹಳೆಯದು ಅಂತರರಾಷ್ಟ್ರೀಯ ನ್ಯಾಯಾಲಯ. ಇದು ವಿಶ್ವಸಂಸ್ಥೆಯ ಅಂಗ. ಒಂಬತ್ತು ವರ್ಷಗಳ ಅವಧಿಗೆ ಆಯ್ಕೆಯಾದ 15 ನ್ಯಾಯಾಧೀಶರು ಇರುತ್ತಾರೆ. ಇಲ್ಲಿ ವಾದಿಯೂ ದೇಶ, ಪ್ರತಿವಾದಿಯೂ ದೇಶ. ಮಗನನ್ನು ಕಳೆದುಕೊಂಡ ತಾಯಿ ಇಲ್ಲಿಗೆ ವಕಾಲತ್ತು ಹಾಕುವಂತಿಲ್ಲ. ಅವಳ ಪರವಾಗಿ ಅವಳ ಸರ್ಕಾರ ಬರಬೇಕು. ಆ ಮಗನನ್ನು ಕೊಂದದ್ದು ಅವಳದೇ ಸರ್ಕಾರವಾದರೆ ಬರುವವರಾರು ಎಂದು ಕೇಳಬೇಡಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಸಿವಿಲ್ ಕೋರ್ಟು. ಇನ್ನೊಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ. 1998ರಲ್ಲಿ ರೋಮ್‌ನಲ್ಲಿ ಒಪ್ಪಂದವಾಗಿ 2002ರ ಜುಲೈ 1ರಿಂದ ಜಾರಿಗೆ ಬಂದದ್ದು. ಇಲ್ಲಿ ಕಟಕಟೆಯಲ್ಲಿ ನಿಲ್ಲುವುದು ಹೆಸರು, ವಿಳಾಸ ಇರುವ ಮನುಷ್ಯ: ಅಧ್ಯಕ್ಷ, ಮಂತ್ರಿ, ಸೇನಾಧಿಕಾರಿ, ದಂಗೆಯ ನಾಯಕ. ನರಮೇಧ, ಯುದ್ಧಾಪರಾಧ, ಮಾನವತೆಯ ವಿರುದ್ಧದ ಅಪರಾಧ, ಆಕ್ರಮಣ, ಈ ನಾಲ್ಕೇ ಅದರ ಸರಹದ್ದು. ಇದು ಕ್ರಿಮಿನಲ್ ಕೋರ್ಟು.

ಸಿವಿಲ್ ಕೋರ್ಟಿನಿಂದಲೇ ಶುರು ಮಾಡೋಣ. ನಮ್ಮಲ್ಲಿ ದಾವೆ ಹಾಕಿದರೆ ಪ್ರತಿವಾದಿಗೆ ಸಮನ್ಸ್ ಹೋಗುತ್ತದೆ. ಬಾರದಿದ್ದರೆ ಏಕಪಕ್ಷೀಯ ತೀರ್ಪು. ಪ್ರತಿವಾದಿಯ ಒಪ್ಪಿಗೆಯನ್ನು ಯಾರು ಕೇಳುತ್ತಾರೆ? ಹೇಗ್‌ನಲ್ಲಿ ಕೇಳುತ್ತಾರೆ. ಊರ ಕಟ್ಟೆಯ ಪಂಚಾಯಿತಿಯಂತೆ ಇಬ್ಬರೂ ಹೆಬ್ಬೆಟ್ಟು ಒತ್ತಿದ್ದರೆ ಮಾತ್ರ ನ್ಯಾಯ. ಆ ಹೆಬ್ಬೆಟ್ಟನ್ನು ಮುಂಗಡವಾಗಿ ಒತ್ತಿ, ಯಾರು ಬೇಕಾದರೂ ನನ್ನನ್ನು ಕರೆಯಲಿ ಎಂದು ಘೋಷಣೆ ಕೊಟ್ಟಿರುವುದು ವಿಶ್ವಸಂಸ್ಥೆಯ 193 ಸದಸ್ಯ ದೇಶಗಳಲ್ಲಿ ಅರ್ಧಕ್ಕಿಂತ ಕಡಿಮೆ. ಭದ್ರತಾ ಮಂಡಳಿಯ ಐದು ಕಾಯಂ ಸದಸ್ಯರಲ್ಲಿ ಇವತ್ತು ಅಂಥ ಘೋಷಣೆ ಉಳಿಸಿಕೊಂಡಿರುವುದು ಬ್ರಿಟನ್ ಒಂದೇ. ಫ್ರಾನ್ಸ್ 1974ರಲ್ಲಿ, ತನ್ನ ಅಣುಬಾಂಬ್ ಪರೀಕ್ಷೆಗಳ ಪ್ರಕರಣ ನಡೆಯುತ್ತಿರುವಾಗಲೇ ಎದ್ದು ಹೋಯಿತು.

ನಾವೇನು ಕಡಿಮೆಯಲ್ಲ. ಭಾರತವೂ ಘೋಷಣೆ ಕೊಟ್ಟಿದೆ, ಆದರೆ ಅದರ ಬಾಲಕ್ಕೆ ವಿನಾಯಿತಿಗಳ ಉದ್ದನೆಯ ಪಟ್ಟಿ ಇದೆ. ಕಾಮನ್‌ವೆಲ್ತ್ ದೇಶಗಳು ನಮ್ಮ ಮೇಲೆ ದಾವೆ ತರುವಂತಿಲ್ಲ ಎಂಬುದು ಅದರಲ್ಲೊಂದು. 1999ರ ಆಗಸ್ಟ್ 10ರಂದು ಕಛ್ ಗಡಿಯ ಬಳಿ ನಮ್ಮ ವಾಯುಪಡೆ ಪಾಕಿಸ್ತಾನದ ನೌಕಾಪಡೆಯ ವಿಮಾನವೊಂದನ್ನು ಹೊಡೆದುರುಳಿಸಿತು. ಅದರಲ್ಲಿದ್ದ 16 ಮಂದಿ ಸತ್ತರು. ಪಾಕಿಸ್ತಾನ ಹೇಗ್‌ಗೆ ಹೋಯಿತು. ಭಾರತ ಘಟನೆಯ ಸರಿ ತಪ್ಪಿನ ಚರ್ಚೆಗೆ ಇಳಿಯುವ ಮೊದಲೇ, ಈ ದಾವೆ ಕೇಳುವ ಅಧಿಕಾರವೇ ನಿಮಗಿಲ್ಲ ಎಂದು ನ್ಯಾಯವ್ಯಾಪ್ತಿಯ ಆಕ್ಷೇಪ ಎತ್ತಿತು. 2000ದ ಜೂನ್‌ನಲ್ಲಿ 14-2 ಮತಗಳಿಂದ ನ್ಯಾಯಾಲಯ ಕೈ ತೊಳೆದುಕೊಂಡಿತು. ಹದಿನೇಳು ವರ್ಷದ ನಂತರ ಪಾತ್ರಗಳು ಅದಲುಬದಲಾದವು. ಕುಲಭೂಷಣ್ ಜಾಧವ್ ಅವರಿಗೆ ಪಾಕಿಸ್ತಾನದ ಸೇನಾ ನ್ಯಾಯಾಲಯ ಗಲ್ಲು ವಿಧಿಸಿದಾಗ ವಾದಿಯ ಸ್ಥಾನದಲ್ಲಿ ಭಾರತ. ಈ ಬಾರಿ ಬಾಗಿಲು ತೆರೆದದ್ದು ದೂತಾವಾಸ ಸಂಬಂಧಗಳ ಕುರಿತ ವಿಯೆನ್ನಾ ಒಪ್ಪಂದ. ಅದಕ್ಕೆ ಜೋಡಿಸಿದ ಒಂದು ಐಚ್ಛಿಕ ಪತ್ರಕ್ಕೆ ಎರಡೂ ದೇಶಗಳು ಎಂದೋ ಸಹಿ ಹಾಕಿದ್ದವು. 2017ರ ಮೇ 8ರಂದು ಅರ್ಜಿ, ಹತ್ತೇ ದಿನದಲ್ಲಿ ತಡೆಯಾಜ್ಞೆ, 2019ರ ಜುಲೈ 17ರಂದು 15-1ರ ತೀರ್ಪು. ಹರೀಶ್ ಸಾಳ್ವೆಯವರು ಒಂದು ರೂಪಾಯಿ ಶುಲ್ಕಕ್ಕೆ ವಾದಿಸಿದರು ಎಂಬುದು ನಮ್ಮ ಬಾರ್ ರೂಮಿನಲ್ಲಿ ಈಗಲೂ ಚಹಾದ ಜೊತೆಗೆ ಬರುವ ಮಾತು. ತೀರ್ಪು ಗಲ್ಲನ್ನು ರದ್ದು ಮಾಡಲಿಲ್ಲ, ಬಿಡುಗಡೆ ಮಾಡಿ ಎನ್ನಲೂ ಇಲ್ಲ. ಮರುಪರಿಶೀಲಿಸಿ, ಭಾರತದ ಅಧಿಕಾರಿಗಳಿಗೆ ಅವರನ್ನು ಭೇಟಿಯಾಗಲು ಬಿಡಿ ಎಂದಿತು. ಅಮೀನರಿಲ್ಲದ ನ್ಯಾಯಾಲಯದ ಮಾತಿಗೆ ನೇಣು ಮಾತ್ರ ನಿಂತಿತು. ಗೌಡರ ಎರಡನೆಯ ಪ್ರಶ್ನೆಗೆ ಇದು ಒಂದು ತುಂಡು ಉತ್ತರ.

ಆದರೆ ಎದುರಿಗಿರುವುದು ನಿಜವಾದ ದೊಡ್ಡವನಾದರೆ? ಅದಕ್ಕೆ ನಿಕರಾಗುವಾ ಕಥೆ ಹೇಳಲೇಬೇಕು.

ಮಧ್ಯ ಅಮೆರಿಕದ ಈ ಪುಟ್ಟ ದೇಶದಲ್ಲಿ 1979ರಲ್ಲಿ ಎಡಪಂಥೀಯ ಕ್ರಾಂತಿಯಾಯಿತು. ಅಮೆರಿಕಕ್ಕೆ ಅದು ಸಹಿಸಲಿಲ್ಲ. ಕಾಂಟ್ರಾಗಳೆಂಬ ಬಂಡುಕೋರರಿಗೆ ಹಣ, ಆಯುಧ, ತರಬೇತಿ ಕೊಟ್ಟಿತು. 1984ರ ಆರಂಭದಲ್ಲಿ ಆ ದೇಶದ ಬಂದರುಗಳಲ್ಲಿ ಗುಟ್ಟಾಗಿ ಸಿಡಿಗುಂಡುಗಳನ್ನು ತೇಲಿಬಿಟ್ಟಿತು. ಏಪ್ರಿಲ್ 9ರಂದು ನಿಕರಾಗುವಾ ಹೇಗ್‌ನಲ್ಲಿ ದಾವೆ ಹೂಡಿತು. ಅದಕ್ಕೂ ಮೂರು ದಿನ ಮೊದಲು, ಏಪ್ರಿಲ್ 6ರಂದು, ಅಮೆರಿಕ ವಿಶ್ವಸಂಸ್ಥೆಗೆ ಒಂದು ಪತ್ರ ಕೊಟ್ಟಿತ್ತು: ಮಧ್ಯ ಅಮೆರಿಕದ ವಿವಾದಗಳಿಗೆ ಇನ್ನೆರಡು ವರ್ಷ ನಮ್ಮ ಒಪ್ಪಿಗೆ ಅನ್ವಯಿಸುವುದಿಲ್ಲ, ಇದು ತಕ್ಷಣದಿಂದಲೇ ಜಾರಿ. ನೋಟಿಸು ಬರುವ ಸುಳಿವು ಸಿಕ್ಕಿದೊಡನೆ ಜಮೀನನ್ನು ಹೆಂಡತಿಯ ಹೆಸರಿಗೆ ಬರೆದುಕೊಡುವವರನ್ನು ನಾನು ಕೊಪ್ಪಳದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಅಮೆರಿಕದ ವಿದೇಶಾಂಗ ಇಲಾಖೆ ಮಾಡಿದ್ದೂ ಅದನ್ನೇ. ನ್ಯಾಯಾಲಯ ಒಪ್ಪಲಿಲ್ಲ. ಘೋಷಣೆ ಬದಲಿಸಬೇಕಾದರೆ ಆರು ತಿಂಗಳ ಮುನ್ಸೂಚನೆ ಕೊಡುತ್ತೇವೆ ಎಂದು ನೀವೇ 1946ರಲ್ಲಿ ಬರೆದುಕೊಟ್ಟಿದ್ದೀರಿ ಎಂದು ತೋರಿಸಿತು. ನ್ಯಾಯವ್ಯಾಪ್ತಿ ಇದೆ ಎಂದು ತೀರ್ಮಾನವಾದ ಮೇಲೆ ಅಮೆರಿಕದ ವಕೀಲರು ಎದ್ದು ಹೋದರು. 1985ರಲ್ಲಿ ಆ ದೇಶ ತನ್ನ ಮುಂಗಡ ಒಪ್ಪಿಗೆಯನ್ನೇ ಹಿಂದಕ್ಕೆ ಪಡೆಯಿತು. ಬರೀ ಐದು ವರ್ಷ ಹಿಂದೆ, 1980ರಲ್ಲಿ, ಟೆಹರಾನ್‌ನಲ್ಲಿ ತನ್ನ ದೂತಾವಾಸದವರನ್ನು ಒತ್ತೆಯಿಟ್ಟುಕೊಂಡ ಇರಾನ್ ವಿರುದ್ಧ ಇದೇ ನ್ಯಾಯಾಲಯದಲ್ಲಿ ಇದೇ ಅಮೆರಿಕ ಗೆದ್ದಿತ್ತು.

1986ರ ಜೂನ್ 27ರಂದು ತೀರ್ಪು ಬಂತು. ಬಲಪ್ರಯೋಗ ಮಾಡಿದ್ದು ತಪ್ಪು, ಇನ್ನೊಂದು ದೇಶದ ಒಳವ್ಯವಹಾರದಲ್ಲಿ ಕೈ ಹಾಕಿದ್ದು ತಪ್ಪು, ಬಂದರಿನಲ್ಲಿ ಸಿಡಿಗುಂಡು ಇಟ್ಟದ್ದು ತಪ್ಪು, ನಷ್ಟ ತುಂಬಿಕೊಡಬೇಕು. ಡಿಕ್ರಿ ಕೈಗೆ ಬಂತು. ಇನ್ನು ಅಮಲ್ಜಾರಿ.

ವಿಶ್ವಸಂಸ್ಥೆಯ ಸನ್ನದಿನ 94ನೇ ವಿಧಿಯಲ್ಲಿ ಅಮಲ್ಜಾರಿಯ ದಾರಿ ಬರೆದಿದೆ: ತೀರ್ಪನ್ನು ಪಾಲಿಸದ ದೇಶದ ವಿರುದ್ಧ ಗೆದ್ದವರು ಭದ್ರತಾ ಮಂಡಳಿಗೆ ಹೋಗಬಹುದು. ಅಂದರೆ ಕಾಗದದ ಮೇಲೆ ಹೇಗ್‌ಗೆ ಅಮೀನರಿದ್ದಾರೆ, ಭದ್ರತಾ ಮಂಡಳಿಯೇ ಆ ಅಮೀನರು. ತೊಡಕು ಏನೆಂದರೆ, ಮಂಡಳಿಯಲ್ಲಿ ಐವರಿಗೆ ವೀಟೊ ಇದೆ. ನಿಕರಾಗುವಾ ಹೋಯಿತು. 1986ರ ಅಕ್ಟೋಬರ್ 28ರಂದು ಮತ ಹಾಕಿದಾಗ 11 ದೇಶಗಳು ಪರ, ಮೂರು ತಟಸ್ಥ, ವಿರೋಧ ಒಂದೇ ಒಂದು. ಆ ಒಂದು ಅಮೆರಿಕ. ನಿರ್ಣಯ ಬಿದ್ದುಹೋಯಿತು. ಕೆಲವೇ ದಿನಗಳಲ್ಲಿ ಸಾಮಾನ್ಯ ಸಭೆ 94-3 ಮತಗಳಿಂದ ತೀರ್ಪನ್ನು ಪಾಲಿಸಿ ಎಂದು ಕೇಳಿಕೊಂಡಿತು. ಕೇಳಿಕೊಳ್ಳುವುದಕ್ಕಷ್ಟೇ ಅದಕ್ಕೆ ಅಧಿಕಾರ. 1990ರ ಚುನಾವಣೆಯಲ್ಲಿ ನಿಕರಾಗುವಾದ ಸರ್ಕಾರ ಬದಲಾಯಿತು. ಅಮೆರಿಕದ ನೆರವು ಬೇಕಿದ್ದ ಹೊಸ ಸರ್ಕಾರ 1991ರಲ್ಲಿ ಪರಿಹಾರದ ಬೇಡಿಕೆಯನ್ನು ಹಿಂದಕ್ಕೆ ಪಡೆಯಿತು. ಕಚೇರಿಯ ಕುರ್ಚಿ ಜಪ್ತಿ ಮಾಡಬೇಕಾದ ಅಮೀನರು ಅದೇ ಕಚೇರಿಯ ಸಾಹೇಬರಾಗಿದ್ದರೆ ಏನಾಗುತ್ತದೋ ಅದು ಆಯಿತು. ಗೌಡರು ಹೇಳಿದ ‘ಯುದ್ಧ ನಿಲ್ಲಿಸಿ’ ಆದೇಶದ ಗತಿಯೂ ಇದೇ. 2022ರ ಮಾರ್ಚ್ 16ರಂದು ರಷ್ಯಾಕ್ಕೆ ಅದನ್ನು 13-2ರಿಂದ ಹೇಳಿದ್ದಾಯಿತು. ಯುದ್ಧ ನಡೆದೇ ಇತ್ತು.

ಇದನ್ನೆಲ್ಲ ದೂರದ ಊರುಗಳ ಕಥೆ ಎಂದುಕೊಳ್ಳುವ ಮೊದಲು ನಮ್ಮ ಹೊಳೆಯ ದಂಡೆಗೆ ಬನ್ನಿ. 1947ರ ಆಗಸ್ಟ್ 15ರಂದು ತುಂಗಭದ್ರೆಯ ಬಲದಂಡೆಯ ಬಳ್ಳಾರಿ, ಹೊಸಪೇಟೆಗಳಲ್ಲಿ ತ್ರಿವರ್ಣ ಧ್ವಜ ಹಾರಿತು; ಅವು ಮದ್ರಾಸ್ ಪ್ರಾಂತ್ಯದವು. ಎಡದಂಡೆಯ ಮುನಿರಾಬಾದ್, ಕೊಪ್ಪಳ, ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನ. 1945ರ ಫೆಬ್ರುವರಿಯಲ್ಲಿ ಎರಡೂ ದಂಡೆಗಳಲ್ಲಿ ಅಡಿಗಲ್ಲು ಬಿದ್ದಿದ್ದ ಅಣೆಕಟ್ಟಿನ ಒಂದು ತುದಿ ಸ್ವತಂತ್ರ ಭಾರತದಲ್ಲಿತ್ತು, ಇನ್ನೊಂದು ತುದಿ ನಾನೂ ಸ್ವತಂತ್ರ ಎನ್ನುತ್ತಿದ್ದ ರಾಜ್ಯದಲ್ಲಿತ್ತು. ಹದಿಮೂರು ತಿಂಗಳು ಹೀಗೆಯೇ ಕಳೆಯಿತು. ನಿಜಾಮರ ಪರ ಆಯುಧ ಹಿಡಿದಿದ್ದ ರಜಾಕಾರರ ಹಾವಳಿಗೆ ಹಳ್ಳಿಗಳು ನಲುಗಿದವು. ಗೌಡರ ತಂದೆ ಆಗ ಗಡಿಯಾಚೆ ಮುಂಡರಗಿಯಲ್ಲಿದ್ದ ಹೋರಾಟಗಾರರ ಶಿಬಿರ ಸೇರಿದ್ದವರು.

ನಮ್ಮಲ್ಲಿ ಸೆಪ್ಟೆಂಬರ್ 17ರ ವಿಮೋಚನೆ ಎಲ್ಲರಿಗೂ ಗೊತ್ತು. ಅದಕ್ಕೆ ತುಸು ಮುಂಚೆ, 1948ರ ಆಗಸ್ಟ್ 21ರಂದು, ಹೈದರಾಬಾದ್ ಸರ್ಕಾರ ಭಾರತದ ಮೇಲೆ ಭದ್ರತಾ ಮಂಡಳಿಗೆ ದೂರು ಕೊಟ್ಟಿತ್ತು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಗೆ ಬಂತು. 16ರಂದು ಪ್ಯಾರಿಸ್‌ನಲ್ಲಿ ಸೇರಿದ ಮಂಡಳಿ ದೂರನ್ನು ಕೈಗೆತ್ತಿಕೊಂಡಿತು. ಮರುದಿನ ನಿಜಾಮರ ಸೇನೆ ಶರಣಾಯಿತು. ಕೆಲವೇ ದಿನಗಳಲ್ಲಿ ನಿಜಾಮರೇ ದೂರು ವಾಪಸ್ ಎಂದರು. ಹೈದರಾಬಾದ್ ಒಂದು ದೇಶವೇ ಅಲ್ಲ, ಆದ್ದರಿಂದ ಅದಕ್ಕೆ ದೂರು ಕೊಡುವ ಹಕ್ಕೇ ಇಲ್ಲ ಎಂಬುದು ಭಾರತದ ವಾದವಾಗಿತ್ತು. ಮಂಡಳಿ ಯಾವ ತೀರ್ಮಾನಕ್ಕೂ ಬರಲಿಲ್ಲ. ವಿಷಯ ವರ್ಷಗಟ್ಟಲೆ ಅದರ ಪಟ್ಟಿಯಲ್ಲಿ ಹಾಗೆಯೇ ಉಳಿಯಿತು. ನನ್ನೂರು ಭಾರತಕ್ಕೆ ಸೇರಿದ್ದು ಸರಿಯೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಕಾರ್ಯಾಚರಣೆಯ ಹೊತ್ತಿಗೆ ಮತ್ತು ನಂತರ ಮುಸ್ಲಿಮರ ಮೇಲೆ ನಡೆದ ಹತ್ಯೆಗಳನ್ನು ವಿಚಾರಿಸಲು ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ತಂಡ, ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತ್ತು. ಗುಲಬರ್ಗಾ, ಬೀದರ್ ಕಡೆ ಪೆಟ್ಟು ಹೆಚ್ಚು ಬಿದ್ದಿತ್ತು. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಬಲಿಷ್ಠ ಸರ್ಕಾರ ಎಂದೊಡನೆ ವಾಷಿಂಗ್ಟನ್, ಮಾಸ್ಕೋ ಎಂದು ಬೆರಳು ತೋರುವ ನಮಗೆ ಇದೂ ನೆನಪಿರಲಿ ಎಂದು ಬರೆದೆ.

ಇನ್ನು ಕ್ರಿಮಿನಲ್ ಕೋರ್ಟು. ಇದರ ಬೇರು ಎರಡನೆಯ ಮಹಾಯುದ್ಧದ ನಂತರದ ನ್ಯೂರೆಂಬರ್ಗ್ ಮತ್ತು ಟೋಕಿಯೊ ವಿಚಾರಣೆಗಳಲ್ಲಿದೆ. ದೇಶದ ಹೆಸರಿನಲ್ಲಿ ಮಾಡಿದೆ ಎಂದರೂ ಮಾಡಿದವನು ಮನುಷ್ಯನೇ, ಶಿಕ್ಷೆ ಅವನಿಗೇ ಎಂಬ ತತ್ವ ಅಲ್ಲಿ ಗಟ್ಟಿಯಾಯಿತು. ಟೋಕಿಯೊದ ಹನ್ನೊಂದು ನ್ಯಾಯಾಧೀಶರಲ್ಲಿ ಭಾರತದ ರಾಧಾಬಿನೋದ್ ಪಾಲ್ ಒಬ್ಬರೇ ಎಲ್ಲ ಆರೋಪಿಗಳನ್ನೂ ಬಿಡಬೇಕೆಂದು ಬರೆದರು. ಜಪಾನಿನ ಸೈನ್ಯ ಕ್ರೌರ್ಯ ನಡೆಸಲಿಲ್ಲ ಎಂದು ಅವರು ಹೇಳಲಿಲ್ಲ. ಗೆದ್ದವರು ಸೋತವರನ್ನು ಮಾತ್ರ ಕಟಕಟೆಗೆ ಹತ್ತಿಸಿ, ಬಾಂಬ್ ಹಾಕಿದ ತಮ್ಮನ್ನು ಹೊರಗಿಟ್ಟುಕೊಂಡರೆ ಅದು ನ್ಯಾಯವೇ ಎಂದು ಕೇಳಿದರು. ಆ ಪ್ರಶ್ನೆ ಇನ್ನೂ ಸತ್ತಿಲ್ಲ.

ರೋಮ್‌ನಲ್ಲಿ 120 ದೇಶಗಳು ಹೊಸ ನ್ಯಾಯಾಲಯದ ಪರ ಮತ ಹಾಕಿದವು, 7 ವಿರೋಧ, 21 ತಟಸ್ಥ. ತಟಸ್ಥರಲ್ಲಿ ಭಾರತವೂ ಇತ್ತು. ಭದ್ರತಾ ಮಂಡಳಿಗೆ ಪ್ರಕರಣ ಕಳಿಸುವ, ತಡೆಹಿಡಿಯುವ ಅಧಿಕಾರ ಕೊಟ್ಟದ್ದು, ಅಣ್ವಸ್ತ್ರವನ್ನು ನಿಷಿದ್ಧ ಆಯುಧಗಳ ಪಟ್ಟಿಗೆ ಸೇರಿಸದೆ ಬಿಟ್ಟದ್ದು ನಮ್ಮ ಆಕ್ಷೇಪಗಳು. ಅಮೆರಿಕ, ರಷ್ಯಾ, ಚೀನಾ, ಭಾರತ ಇವತ್ತಿಗೂ ಸದಸ್ಯರಲ್ಲ. ಅಮೆರಿಕವಂತೂ 2002ರಲ್ಲಿ, ತನ್ನವರನ್ನು ಹೇಗ್‌ನಲ್ಲಿ ಹಿಡಿದಿಟ್ಟರೆ ಬಿಡಿಸಿಕೊಳ್ಳಲು ಅಗತ್ಯವಾದ ಯಾವ ಮಾರ್ಗವನ್ನಾದರೂ ಬಳಸಬಹುದು ಎಂದು ಕಾನೂನನ್ನೇ ಮಾಡಿಕೊಂಡಿತು. 2023ರ ಮಾರ್ಚ್‌ನಲ್ಲಿ ಪುಟಿನ್ ಮೇಲೆ, 2024ರ ನವೆಂಬರ್‌ನಲ್ಲಿ ನೆತನ್ಯಾಹು ಮೇಲೆ ಬಂಧನ ವಾರಂಟ್ ಹೊರಟಿತು. ಈ ನ್ಯಾಯಾಲಯಕ್ಕೂ ಸ್ವಂತ ಪೊಲೀಸರಿಲ್ಲ. ಸದಸ್ಯ ದೇಶಗಳೇ ಹಿಡಿದುಕೊಡಬೇಕು. ಪುಟಿನ್ 2023ರಲ್ಲಿ ದಕ್ಷಿಣ ಆಫ್ರಿಕಾದ ಬ್ರಿಕ್ಸ್ ಸಭೆಗೆ ಹೋಗದೆ ಉಳಿದರು. ಮರುವರ್ಷ ಸದಸ್ಯ ದೇಶವೇ ಆದ ಮಂಗೋಲಿಯಾಕ್ಕೆ ಹೋಗಿ ಕೆಂಪು ಹಾಸಿನ ಮೇಲೆ ನಡೆದು ಬಂದರು. 2025ರ ಮಾರ್ಚ್‌ನಲ್ಲಿ ಫಿಲಿಪ್ಪೀನ್ಸ್‌ನ ಮಾಜಿ ಅಧ್ಯಕ್ಷ ಡುಟರ್ಟೆ ಮಾತ್ರ ನಿಜವಾಗಿಯೂ ಹೇಗ್ ಸೇರಿದರು. ಅವರು ಕುರ್ಚಿ ಬಿಟ್ಟಿದ್ದರು, ಹೊಸದಾಗಿ ಕುಳಿತವರ ಜೊತೆ ಜಗಳವೂ ಆಗಿತ್ತು. ಇಲ್ಲಿ ಕುರ್ಚಿ ಮೊದಲು ಹೋಗಬೇಕು, ವಾರಂಟು ಆಮೇಲೆ ಕೆಲಸ ಮಾಡುತ್ತದೆ. ಕೊಪ್ಪಳದಲ್ಲಿ ನಾವು ಮಾಡುವುದು ಇದಕ್ಕೆ ತಿರುಗುಮುರುಗು.

ಇಷ್ಟು ಓದಿದವರು ಎಲ್ಲ ಬರೀ ನಾಟಕ ಎಂದುಕೊಂಡರೆ ತಪ್ಪಿಲ್ಲ. ನಾನೂ ಬಹಳ ವರ್ಷ ಹಾಗೆಯೇ ಅಂದುಕೊಂಡಿದ್ದೆ. ಅಭಿಪ್ರಾಯ ಬದಲಿಸಿದ್ದು ಹೇಗ್‌ನ ಅಕ್ಕಪಕ್ಕದ ಸಂದುಗಳಲ್ಲಿ ನಡೆದ ಪ್ರಕರಣಗಳು.

ಆಫ್ರಿಕಾದ ಚಾಡ್ ದೇಶವನ್ನು 1982ರಿಂದ 1990ರವರೆಗೆ ಹಿಸೆನ್ ಹಾಬ್ರೆ ಆಳಿದ. ಲಿಬಿಯಾದ ಗದ್ದಾಫಿಗೆ ಎದುರಾಳಿ ಎಂಬ ಕಾರಣಕ್ಕೆ ಅಮೆರಿಕ, ಫ್ರಾನ್ಸ್ ಅವನ ಬೆನ್ನಿಗಿದ್ದವು. ರಾಜಧಾನಿಯಲ್ಲಿ ಫ್ರೆಂಚರ ಕಾಲದ ಈಜುಕೊಳವೊಂದಕ್ಕೆ ಕಾಂಕ್ರೀಟ್ ಛಾವಣಿ ಹಾಕಿಸಿ, ಒಳಗೆ ಗೋಡೆ ಎಬ್ಬಿಸಿ, ನೆಲದಡಿಯ ಸೆರೆಮನೆ ಮಾಡಿದ್ದ. ಅವನ ಕಾಲದಲ್ಲಿ ಸುಮಾರು 40 ಸಾವಿರ ಜನ ಸತ್ತರೆಂದು ಆ ದೇಶದ ತನಿಖಾ ಆಯೋಗ ಅಂದಾಜು ಮಾಡಿತು. ಅಧಿಕಾರ ಹೋದಾಗ ಸೆನೆಗಲ್‌ಗೆ ಓಡಿ ಅಲ್ಲಿ ನೆಮ್ಮದಿಯಿಂದ ಇದ್ದ. ಸೆರೆಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಕೊಳೆತು ಹೊರಬಂದ ಸುಲೇಮಾನ್ ಗೆಂಗೆಂಗ್ ಎಂಬ ಸಾಮಾನ್ಯ ಸರ್ಕಾರಿ ನೌಕರ, ಬದುಕಿ ಉಳಿದರೆ ನ್ಯಾಯ ಕೇಳುತ್ತೇನೆ ಎಂದು ಒಳಗಿರುವಾಗಲೇ ಆಣೆ ಮಾಡಿಕೊಂಡಿದ್ದ. ಅವನೂ ಜೊತೆಗಾರರೂ ಮನೆ ಮನೆ ತಿರುಗಿ 792 ಜನರ ಹೇಳಿಕೆ ಬರೆದಿಟ್ಟರು. 2001ರಲ್ಲಿ ಹಳೆಯ ರಾಜಕೀಯ ಪೊಲೀಸರ ಕಚೇರಿಯಲ್ಲಿ ನೆಲದ ಮೇಲೆ ಚೆಲ್ಲಿ ಬಿದ್ದಿದ್ದ ಸಾವಿರಾರು ಕಾಗದಗಳು ಸಿಕ್ಕವು: ಬಂಧಿತರ ಪಟ್ಟಿ, ಸತ್ತವರ ಪಟ್ಟಿ. ದಬ್ಬಾಳಿಕೆ ಮಾಡುವವರು ಲೆಕ್ಕ ಬರೆದಿಡುತ್ತಾರೆ ಎಂಬುದು ವಕೀಲರ ಪುಣ್ಯ.

ಕಾಗದ ಸಿಕ್ಕಿದ ಮಾತ್ರಕ್ಕೆ ಕಟಕಟೆ ಸಿಗಲಿಲ್ಲ. ಸೆನೆಗಲ್ ನ್ಯಾಯಾಲಯ ತನಗೆ ವ್ಯಾಪ್ತಿಯಿಲ್ಲ ಎಂದಿತು. ಬೆಲ್ಜಿಯಂನಲ್ಲಿ ದೂರು ದಾಖಲಾಗಿ 2005ರಲ್ಲಿ ವಾರಂಟ್ ಬಂತು, ಸೆನೆಗಲ್ ಕೊಡಲಿಲ್ಲ. ಆಗ ಬೆಲ್ಜಿಯಂ ಹೇಗ್‌ನ ಸಿವಿಲ್ ಕೋರ್ಟಿಗೆ ಹೋಯಿತು. ಚಿತ್ರಹಿಂಸೆ ತಡೆಯುವ ಒಪ್ಪಂದಕ್ಕೆ ಸಹಿ ಹಾಕಿದ್ದೀರಿ, ಇನ್ನು ತಡಮಾಡದೆ ವಿಚಾರಣೆ ಮಾಡಿ ಅಥವಾ ಒಪ್ಪಿಸಿ ಎಂದು 2012ರ ಜುಲೈ 20ರಂದು ತೀರ್ಪಾಯಿತು. ಸೆನೆಗಲ್‌ನಲ್ಲಿ ಅಷ್ಟರಲ್ಲಿ ಹೊಸ ಸರ್ಕಾರ ಬಂದಿತ್ತು. ಆಫ್ರಿಕಾ ಒಕ್ಕೂಟದ ಜೊತೆ ಸೇರಿ ವಿಶೇಷ ನ್ಯಾಯಾಲಯ ಕಟ್ಟಿದರು. 2016ರ ಮೇ 30ರಂದು ಹಾಬ್ರೆಗೆ ಜೀವಾವಧಿ. ಒಂದು ದೇಶದ ಮಾಜಿ ಅಧ್ಯಕ್ಷನನ್ನು ಇನ್ನೊಂದು ದೇಶದ ನ್ಯಾಯಾಲಯ ಇಂಥ ಅಪರಾಧಕ್ಕೆ ಶಿಕ್ಷಿಸಿದ್ದು ಅದೇ ಮೊದಲು. ಅವನು 2021ರಲ್ಲಿ ಕೈದಿಯಾಗಿಯೇ ಸತ್ತ. ಅಮೀನರಿಲ್ಲದ ತೀರ್ಪನ್ನು ಇಲ್ಲಿ ಹೊತ್ತುಕೊಂಡು ಓಡಿದವರು ಸಂತ್ರಸ್ತರೇ.

ಬ್ರಿಟನ್ನಿನದು ಇನ್ನೊಂದು ಬಗೆ. ಕೆನ್ಯಾದ ಮಾವು ಮಾವು ಹೋರಾಟವನ್ನು 1950ರ ದಶಕದಲ್ಲಿ ವಸಾಹತು ಸರ್ಕಾರ ಶಿಬಿರಗಳಲ್ಲಿ ಚಿತ್ರಹಿಂಸೆ ಕೊಟ್ಟು ಹತ್ತಿಕ್ಕಿತ್ತು. 2009ರಲ್ಲಿ ಐವರು ಮುದುಕ, ಮುದುಕಿಯರು ಲಂಡನ್ನಿನ ಹೈಕೋರ್ಟಿನಲ್ಲಿ ದಾವೆ ಹಾಕಿದರು. ಕಾಲಮಿತಿ ಮೀರಿದೆ, ಹೊಣೆ ಈಗಿನ ಕೆನ್ಯಾ ಸರ್ಕಾರದ್ದು ಎಂದೆಲ್ಲ ಬ್ರಿಟನ್ ವಾದಿಸಿತು. ವಿಚಾರಣೆಯ ನಡುವೆ, ವಸಾಹತುಗಳಿಂದ ಗುಟ್ಟಾಗಿ ಸಾಗಿಸಿ ಹ್ಯಾನ್‌ಸ್ಲೋಪ್ ಪಾರ್ಕ್ ಎಂಬಲ್ಲಿ ಅಡಗಿಸಿದ್ದ ಕಡತಗಳ ರಾಶಿ ಹೊರಬಂತು. 2013ರಲ್ಲಿ ಸರ್ಕಾರ ಸಂಸತ್ತಿನಲ್ಲಿ ವಿಷಾದ ಹೇಳಿ 5,228 ಜನರಿಗೆ 1.99 ಕೋಟಿ ಪೌಂಡ್ ಕೊಡಲು ಒಪ್ಪಿತು. ಹೆಸರಿಗೆ ಇದು ಅಂತರರಾಷ್ಟ್ರೀಯ ಕಾನೂನೂ ಅಲ್ಲ, ಬ್ರಿಟನ್ನಿನ ಸ್ವಂತ ಸಿವಿಲ್ ಕಾನೂನು. ಬಲಿಷ್ಠ ಸರ್ಕಾರವನ್ನು ಅದರದೇ ಊರಿನ ಕೋರ್ಟಿನಲ್ಲಿ ಹಿಡಿಯುವುದು ಹೇಗ್‌ಗಿಂತ ಹತ್ತಿರದ ದಾರಿ ಎಂಬುದು ನನ್ನ ವೃತ್ತಿಯ ಅನುಭವವೂ ಹೌದು. ಬಳ್ಳಾರಿ ಗಣಿಗಳ ಕಾಲದಲ್ಲಿ ಹೊಸಪೇಟೆ ರಸ್ತೆಯಲ್ಲಿ ಕೆಂಪು ಧೂಳೆಬ್ಬಿಸುತ್ತಿದ್ದ ಅದಿರು ಲಾರಿಗಳ ಸಾಲನ್ನು ಕಂಡವರಿಗೆ, 2011ರ ಜುಲೈ 29ರ ಸುಪ್ರೀಂ ಕೋರ್ಟ್ ಆದೇಶದ ನಂತರ ಅದು ನಿಂತುಹೋದದ್ದೂ ನೆನಪಿರುತ್ತದೆ. ಅಲ್ಲಿ ಆದೇಶದ ಹಿಂದೆ ಜಿಲ್ಲಾಧಿಕಾರಿ, ಪೊಲೀಸರು ಇದ್ದರು. ಹಾಗೆಂದು ಕೊಪ್ಪಳದ ಕೋರ್ಟಿನಲ್ಲಿ ಪರದೇಶದ ಸರ್ಕಾರದ ಮೇಲೆ ದಾವೆ ಹೂಡಲು ಹೋಗಬೇಡಿ; ಸಿವಿಲ್ ಪ್ರಕ್ರಿಯಾ ಸಂಹಿತೆಯ 86ನೇ ಕಲಂ ಪ್ರಕಾರ ಅದಕ್ಕೆ ಕೇಂದ್ರ ಸರ್ಕಾರದ ಅನುಮತಿ ಬೇಕು.

ಕುರ್ಚಿ ಜಪ್ತಿಯ ಮಾತಿಗೆ ಮರಳುತ್ತೇನೆ. ದೇಶವೊಂದರ ಆಸ್ತಿಯನ್ನು ಪರದೇಶದಲ್ಲಿ ನಿಜವಾಗಿಯೂ ಜಪ್ತಿ ಮಾಡಿದ ಉದಾಹರಣೆ ಇದೆ, ಮತ್ತು ಆ ದೇಶ ನಮ್ಮದೇ. ಹಿಂದೆಂದೋ ಮುಗಿದ ವ್ಯವಹಾರಕ್ಕೂ ಅನ್ವಯಿಸುವ ಪೂರ್ವಾನ್ವಯ ತೆರಿಗೆಯ ಜಗಳದಲ್ಲಿ ಬ್ರಿಟನ್ನಿನ ಕೇರ್ನ್ ಎನರ್ಜಿ ಕಂಪನಿ 2020ರ ಡಿಸೆಂಬರ್‌ನಲ್ಲಿ ಮಧ್ಯಸ್ಥಿಕೆ ನ್ಯಾಯಮಂಡಳಿಯಿಂದ ಸುಮಾರು 120 ಕೋಟಿ ಡಾಲರ್‌ಗಳ ತೀರ್ಪು ಗೆದ್ದಿತು. ಭಾರತ ಕೊಡಲಿಲ್ಲ. ಕಂಪನಿ ದೇಶ ದೇಶಗಳಲ್ಲಿ ಅಮಲ್ಜಾರಿಗೆ ಹೊರಟಿತು. 2021ರ ಜುಲೈನಲ್ಲಿ, ಪ್ಯಾರಿಸ್‌ನಲ್ಲಿರುವ ಭಾರತ ಸರ್ಕಾರದ ಸುಮಾರು 20 ಸ್ವತ್ತುಗಳನ್ನು ಮುಟ್ಟುಗೋಲು ಹಾಕಲು ಅಲ್ಲಿಯ ನ್ಯಾಯಾಲಯ ಅನುಮತಿ ಕೊಟ್ಟ ಸುದ್ದಿ ಬಂತು. ಆಗಸ್ಟ್‌ನಲ್ಲಿ ನಮ್ಮ ಸಂಸತ್ತು ಆ ತೆರಿಗೆಯನ್ನೇ ಕೈಬಿಟ್ಟಿತು. ಕಂಪನಿಗೆ ಸುಮಾರು 7,900 ಕೋಟಿ ರೂಪಾಯಿ ವಾಪಸಾಯಿತು. ಮುಟ್ಟುಗೋಲಿನ ಸುದ್ದಿಯಿಂದ ಕಾನೂನು ಬದಲಾಗುವವರೆಗೆ ಒಂದೇ ತಿಂಗಳು! ಹೂಡಿಕೆದಾರರ ತೀರ್ಪುಗಳಿಗೆ ದೇಶಗಳು ಸೇರಿ ಒಪ್ಪಂದಗಳ ಮೂಲಕ ಅಮೀನರನ್ನು ಕೊಟ್ಟಿವೆ. ಚಾಡ್‌ನ ಈಜುಕೊಳದಲ್ಲಿ ಸತ್ತವನ ಹೆಂಡತಿಗೆ ಕೊಟ್ಟಿಲ್ಲ. ಹಣ ಕಳೆದುಕೊಂಡ ಕಂಪನಿ ಮತ್ತು ಜನ ಕಳೆದುಕೊಂಡ ಊರು ಒಂದೇ ಕಾನೂನಿನ ಮುಂದೆ ನಿಂತರೆ ಯಾರಿಗೆ ಮೊದಲು ಕುರ್ಚಿ ಸಿಗುತ್ತದೆ ನೋಡಿ.

ಯಾರೂ ಜಪ್ತಿಗೆ ಬಾರದೆಯೂ ದೊಡ್ಡ ದೇಶ ತೀರ್ಪಿಗೆ ತಲೆಬಾಗಿದ ಉದಾಹರಣೆಯೂ ನಮ್ಮದೇ ಇದೆ. ಬಂಗಾಳ ಕೊಲ್ಲಿಯ ಕಡಲ ಗಡಿಯ ವಿವಾದದಲ್ಲಿ 2014ರ ಜುಲೈನಲ್ಲಿ ನ್ಯಾಯಮಂಡಳಿ ವಿವಾದಿತ 25,602 ಚದರ ಕಿಲೋಮೀಟರ್‌ನಲ್ಲಿ 19,467ನ್ನು ಬಾಂಗ್ಲಾದೇಶಕ್ಕೆ ಕೊಟ್ಟಿತು. ಭಾರತ ಒಪ್ಪಿಕೊಂಡಿತು. ಎರಡು ವರ್ಷದ ನಂತರ ದಕ್ಷಿಣ ಚೀನಾ ಸಮುದ್ರದ ತೀರ್ಪು ಫಿಲಿಪ್ಪೀನ್ಸ್ ಪರವಾಗಿ ಬಂದಾಗ ಚೀನಾ ಒಪ್ಪಲಿಲ್ಲ. ನೆರೆಹೊರೆಯವರ ಜೊತೆ ನಾಳೆಯೂ ಬದುಕಬೇಕು ಎಂಬ ಲೆಕ್ಕ ಒಬ್ಬರಿಗಿತ್ತು, ಇನ್ನೊಬ್ಬರಿಗಿರಲಿಲ್ಲ.

ಗೌಡರ ಪ್ರಕರಣದಲ್ಲಿ ಜಪ್ತಿಯಾದ ಹದಿನೈದನೆಯ ದಿನ ಅಸಲು ಜಮೆಯಾಯಿತು. ಕುರ್ಚಿಗಳು ಅದೇ ಗಾಡಿಯಲ್ಲಿ ಹಿಂದಿರುಗಿದವು; ಸಾಹೇಬರ ಕುರ್ಚಿಯ ಒಂದು ಚಕ್ರ ಎಲ್ಲೋ ಕಳಚಿಹೋಗಿತ್ತು. ಬಡ್ಡಿಯ ಬಾಬತ್ತು ಇನ್ನೂ ಬಾಕಿ ಇದೆ. ಕಳೆದ ವಾಯಿದೆಗೆ ಗೌಡರು ಬಂದಾಗ ಚಾಡ್ ಕಥೆಯನ್ನು ಪೂರ್ತಿ ಹೇಳಿದೆ. ಅವರು ಸುಮ್ಮನೆ ಕೇಳಿ, ಕೊನೆಗೆ ವ್ಯವಹಾರದ ಮಾತು ಎತ್ತಿದರು.

“ಆ ಜನರಿಗೆ ದುಡ್ಡು ಬಂತೇ?”

“2017ರಲ್ಲಿ ಏಳು ಸಾವಿರಕ್ಕೂ ಹೆಚ್ಚು ಮಂದಿಗೆ ಪರಿಹಾರ ಕೊಡಬೇಕೆಂದು ತೀರ್ಪಾಯಿತು ಗೌಡರೇ, ಅವರ ದುಡ್ಡಿನ ಲೆಕ್ಕದಲ್ಲಿ 8,200 ಕೋಟಿ ಫ್ರಾಂಕ್. ಹಾಬ್ರೆಯ ಆಸ್ತಿ ಬಹುಪಾಲು ಕೈಗೆ ಸಿಗಲಿಲ್ಲ. ಕಾಯುತ್ತಲೇ ತೀರಿಕೊಂಡವರಿದ್ದಾರೆ.”

“ಅವರೂ ಅಮಲ್ಜಾರಿಯಲ್ಲೇ ಇದ್ದಾರೆ ಎನ್ನಿ,” ಎಂದು ಗೌಡರು ಪಂಚೆಯ ಮಡಿಕೆಯಿಂದ ಮಡಿಸಿದ ಚೀಟಿ ತೆಗೆದರು. “ನಮ್ಮ ಮುಂದಿನ ತಾರೀಖು ಎಷ್ಟು, ಇದರಲ್ಲಿ ಬರೆದುಕೊಡಿ.”